ಕಾಸು ಮತ್ತು ಕ್ಯಾಶ್: ಒಂದು ನಾಣ್ಯ, ಒಂದು ಪೆಟ್ಟಿಗೆ

ಬೆಂಗಳೂರಿನಿಂದ ಕನಕಪುರದ ಕಡೆಗೆ ಸಾಗುವ ಹೆದ್ದಾರಿಯ ಮೇಲೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶವಿದೆ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹಂತಹಂತವಾಗಿ ರೂಪಿಸಿದ ಈ ನೆಲದಲ್ಲಿ ಇಂದು ಕಾರ್ಖಾನೆಗಳೂ ಸರಕು ಸಂಗ್ರಹಾಗಾರಗಳೂ ಸಾಲುಸಾಲಾಗಿ ನಿಂತಿವೆ. ಇಲ್ಲಿಯ ವ್ಯವಹಾರದ ಮಾತಿನಲ್ಲಿ ಗೋಡೌನ್, ಸ್ಟಾಕ್, ಡೆಲಿವರಿ, ಪೇಮೆಂಟ್ ಮುಂತಾದ ಇಂಗ್ಲಿಷ್ ಪದಗಳು ಕನ್ನಡದ ವಿಭಕ್ತಿಗಳನ್ನು ತೊಟ್ಟು ಸಹಜವಾಗಿ ಓಡಾಡುತ್ತವೆ. ಅವುಗಳಲ್ಲಿ ಅತ್ಯಂತ ಬಳಕೆಯ ಪದ 'ಕ್ಯಾಶ್'. ಲಾರಿಯ ಬಾಡಿಗೆ ಕ್ಯಾಶಿನಲ್ಲಿ ಸಲ್ಲುವುದೋ ಖಾತೆಗೆ ಜಮೆಯಾಗುವುದೋ ಎಂದು ಕೇಳುವ ಚಾಲಕನೇ, ಮರುಕ್ಷಣ ಚಹಾದ ಅಂಗಡಿಯ ಮುಂದೆ ನಿಂತು ಕೈಯಲ್ಲಿ 'ಕಾಸಿಲ್ಲ' ಎನ್ನುತ್ತಾನೆ. ಒಂದೇ ನಾಲಗೆಯ ಮೇಲೆ ಎರಡು ಪದಗಳು. ಧ್ವನಿಯಲ್ಲಿ ಬಹು ಸಮೀಪ, ಅರ್ಥದಲ್ಲಿಯೂ ಸಮೀಪ. ಹಾಗಾದರೆ ಇವೆರಡೂ ಒಂದೇ ಪದವೇ?

ಹೌದು ಎನ್ನುವ ನಂಬಿಕೆ ಜನಪ್ರಿಯವಾಗಿದೆ. ನಮ್ಮ ಕಾಸನ್ನೇ ಆಂಗ್ಲರು ಕ್ಯಾಶ್ ಎಂದು ಮಾಡಿಕೊಂಡು ಜಗತ್ತಿಗೆಲ್ಲ ಹಂಚಿದರು ಎಂಬ ಮಾತು ಭಾಷಣಗಳಲ್ಲಿಯೂ ಹರಟೆಗಳಲ್ಲಿಯೂ ಕೇಳಿಬರುತ್ತದೆ. ತಮಿಳರು, ತೆಲುಗರು, ಮಲಯಾಳಿಗಳು ಕೂಡ ತಮ್ಮ ತಮ್ಮ ಭಾಷೆಯ ಪರವಾಗಿ ಇದನ್ನೇ ಹೇಳುತ್ತಾರೆ. ಈ ನಂಬಿಕೆ ಪೂರ್ಣ ಸುಳ್ಳಲ್ಲ; ಪೂರ್ಣ ಸತ್ಯವೂ ಅಲ್ಲ. ಅದರ ಯಾವ ಅರ್ಧ ಸತ್ಯ, ಯಾವ ಅರ್ಧ ಭ್ರಮೆ ಎಂಬುದನ್ನು ಬೇರ್ಪಡಿಸಿ ನೋಡಿದರೆ, ದಕ್ಷಿಣ ಭಾರತದ ನಾಣ್ಯ ಚರಿತ್ರೆಯ ಒಂದು ಮುಖ್ಯ ಎಳೆ ಕೈಗೆ ಸಿಗುತ್ತದೆ.

ಪೆಟ್ಟಿಗೆಯ ವಂಶ

ಇಂದು ಹಾರೋಹಳ್ಳಿಯ ಲೆಕ್ಕದ ಪುಸ್ತಕದಲ್ಲಿ ಕಾಣುವ 'ಕ್ಯಾಶ್', ಎಂದರೆ ಕೈಯಲ್ಲಿರುವ ಸಿದ್ಧ ಹಣ ಎಂಬರ್ಥದ ಪದ, ಯೂರೋಪಿನದು. ಲ್ಯಾಟಿನ್ ಭಾಷೆಯಲ್ಲಿ 'ಕಾಪ್ಸಾ' ಎಂದರೆ ಪೆಟ್ಟಿಗೆ. ಅದರಿಂದ ಇಟಾಲಿಯನ್ ಭಾಷೆಯ 'ಕಾಸ್ಸಾ', ಫ್ರೆಂಚ್ ಭಾಷೆಯ 'ಕೆಸ್', ಪೋರ್ಚುಗೀಸಿನ 'ಕೈಶಾ' ಹುಟ್ಟಿದವು. ಇವೆಲ್ಲಕ್ಕೂ ಮೂಲಾರ್ಥ ಪೆಟ್ಟಿಗೆಯೇ. 16ನೆಯ ಶತಮಾನದ ಕೊನೆಯಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗ ಹಣದ ಪೆಟ್ಟಿಗೆ ಎಂಬ ಅರ್ಥವೂ, ಪೆಟ್ಟಿಗೆಯೊಳಗಿನ ಹಣ ಎಂಬ ಅರ್ಥವೂ ಅದಕ್ಕಿದ್ದವು. ಕ್ರಮೇಣ ಪೆಟ್ಟಿಗೆ ಮರೆಯಾಗಿ ಹಣ ಮಾತ್ರ ಉಳಿಯಿತು. 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಈ ಪದಕ್ಕೆ ಫ್ರೆಂಚ್ ಭಾಷೆಯ ಪೆಟ್ಟಿಗೆಯನ್ನೇ ಮೂಲವಾಗಿ ತೋರಿಸಿ, ಸಿದ್ಧವಾಗಿ ಕೈಗೆ ಒದಗುವ ಹಣವೆಂದು ಅರ್ಥ ಕೊಡುತ್ತಾನೆ. ಇಂಗ್ಲಿಷಿನ 'ಕೇಸ್' ಎಂಬ ಪೆಟ್ಟಿಗೆ, 'ಕ್ಯಾಪ್ಸೂಲ್' ಎಂಬ ಪುಟ್ಟ ಕರಂಡಕ, ಪೆಟ್ಟಿಗೆಯನ್ನು ಕಾಯುವ 'ಕ್ಯಾಷಿಯರ್' ಎಲ್ಲವೂ ಈ ವಂಶಕ್ಕೆ ಸೇರಿದ ದಾಯಾದಿಗಳು.

ಲೆಕ್ಕಶಾಸ್ತ್ರದ ಚರಿತ್ರೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. 1494ರಲ್ಲಿ ವೆನಿಸ್ ನಗರದಲ್ಲಿ ಮುದ್ರಿತವಾದ ಲೂಕಾ ಪಾಚೋಲಿಯ ಗಣಿತ ಗ್ರಂಥ ಜಮಾ-ಖರ್ಚಿನ ಜೋಡಿ ನಮೂದು ಪದ್ಧತಿಯನ್ನು ಮೊದಲ ಬಾರಿಗೆ ಮುದ್ರಣದಲ್ಲಿ ವಿವರಿಸಿತು. ಅಲ್ಲಿ ವರ್ತಕನ ಸಿದ್ಧ ಹಣದ ಖಾತೆಗೆ ಇರುವ ಹೆಸರು 'ಕಾಸ್ಸಾ'. ಇಂದಿನ 'ಕ್ಯಾಶ್ ಬುಕ್' ಹುಟ್ಟಿನಲ್ಲಿ ಪೆಟ್ಟಿಗೆಯ ಪುಸ್ತಕ.

ಪಾತ್ರೆಯ ಹೆಸರು ಪದಾರ್ಥಕ್ಕೆ ಸಲ್ಲುವುದು ಕನ್ನಡಿಗರಿಗೆ ಅಪರಿಚಿತ ಸಂಗತಿಯಲ್ಲ. ಚಲನಚಿತ್ರವೊಂದು ಚೆನ್ನಾಗಿ ಓಡಿದರೆ 'ಗಲ್ಲಾ ಪೆಟ್ಟಿಗೆ' ಗೆದ್ದಿತು ಎನ್ನುತ್ತೇವೆ. ಗೆದ್ದದ್ದು ಪೆಟ್ಟಿಗೆಯಲ್ಲ, ಅದರೊಳಗೆ ಬಿದ್ದ ಹಣ. ದೇವಾಲಯದ 'ಹುಂಡಿ ಎಣಿಕೆ' ಎಂದಾಗಲೂ ಎಣಿಸುವುದು ಹುಂಡಿಯನ್ನಲ್ಲ, ಕಾಣಿಕೆಯನ್ನು. ಅಲಂಕಾರಿಕರು ಲಕ್ಷಣಾವೃತ್ತಿ ಎಂದು ಕರೆಯುವ ಈ ವ್ಯಾಪಾರವೇ ಲ್ಯಾಟಿನ್ನಿನ ಪೆಟ್ಟಿಗೆಯನ್ನು ಇಂಗ್ಲಿಷಿನ ಹಣವನ್ನಾಗಿ ಮಾಡಿತು.

ನಾಣ್ಯದ ವಂಶ

ಕನ್ನಡದ 'ಕಾಸು' ಪೆಟ್ಟಿಗೆಯಲ್ಲ, ಅದು ನಾಣ್ಯ. ಕನ್ನಡ, ತಮಿಳು, ಮಲಯಾಳ, ತುಳು, ತೆಲುಗು ಭಾಷೆಗಳಲ್ಲೆಲ್ಲ ಈ ಪದ ಅಲ್ಪಸ್ವಲ್ಪ ಉಚ್ಚಾರಭೇದದಿಂದ ದೊರೆಯುತ್ತದೆ. ಇಷ್ಟು ವ್ಯಾಪಕವಾಗಿ ಹರಡಿರುವುದರಿಂದ ಇದು ದ್ರಾವಿಡ ಭಾಷೆಗಳ ಸ್ವಂತ ಸೊತ್ತು ಎಂದು ಕೆಲವರು ಭಾವಿಸುತ್ತಾರೆ. ಸಂಸ್ಕೃತದ 'ಕರ್ಷ' ಎಂಬ ತೂಕದ ಹೆಸರಿನಿಂದ ಇದು ಬಂದಿರಬಹುದು ಎಂಬುದು ಮತ್ತೊಂದು ಪಕ್ಷ. 1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್ ಅವರ 'ಹಾಬ್ಸನ್-ಜಾಬ್ಸನ್' ಕೋಶ ಈ ಎರಡನೆಯ ಸಾಧ್ಯತೆಯನ್ನು ಮುಂದಿಡುತ್ತದೆ.

ಈ ಎರಡನೆಯ ಪಕ್ಷವನ್ನು ಧ್ವನಿಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಸಂಸ್ಕೃತದ 'ವರ್ಷ', 'ಹರ್ಷ' ಪದಗಳು ಕನ್ನಡಕ್ಕೆ ನೇರವಾಗಿ ಬಂದಾಗ 'ವರುಷ', 'ಹರುಷ' ಎಂದಾಗುತ್ತವೆ. ಒತ್ತಕ್ಷರ ಬಿಡಿಸಿಕೊಂಡು ನಡುವೆ ಸ್ವರವೊಂದು ಸೇರಿಕೊಳ್ಳುತ್ತದೆ. ಅದೇ ದಾರಿಯಲ್ಲಿ 'ಕರ್ಷ' ಬಂದಿದ್ದರೆ 'ಕರುಷ' ಅಥವಾ 'ಕರಿಸ' ಎಂಬ ರೂಪವನ್ನು ನಿರೀಕ್ಷಿಸಬೇಕು, 'ಕಾಸು' ಎಂಬುದನ್ನಲ್ಲ. ಆದರೆ ಪ್ರಾಕೃತದ ದಾರಿ ಬೇರೆ. ಜೈನ ಆಗಮಗಳ ಅರ್ಧಮಾಗಧಿಯಲ್ಲಿ 'ವರ್ಷ' ಎಂಬುದು 'ವಾಸ' ಎಂದಾಗುತ್ತದೆ; ಮಳೆಗಾಲದಲ್ಲಿ ಮುನಿಗಳು ಒಂದೆಡೆ ನೆಲೆಸುವ ಕ್ರಮಕ್ಕೆ 'ವಾಸಾವಾಸ' ಎಂಬ ಹೆಸರಿದೆ. 'ಪಾರ್ಶ್ವ' ಎಂಬ ತೀರ್ಥಂಕರನ ಹೆಸರು 'ಪಾಸ' ಎಂದೂ, 'ಶೀರ್ಷ' ಎಂಬುದು 'ಸೀಸ' ಎಂದೂ ಆಗುತ್ತವೆ. ರೇಫ ಲೋಪವಾಗಿ, ಹಿಂದಿನ ಸ್ವರ ದೀರ್ಘವಾಗಿ, ಊಷ್ಮಾಕ್ಷರ ಸಕಾರವಾಗುವ ಈ ಕ್ರಮವನ್ನು 'ಕರ್ಷ' ಪದಕ್ಕೆ ಅನ್ವಯಿಸಿದರೆ 'ಕಾಸ' ಎಂಬ ರೂಪ ತಾನಾಗಿಯೇ ದೊರೆಯುತ್ತದೆ. ಆದ್ದರಿಂದ ಕರ್ಷ ಮೂಲವನ್ನು ಒಪ್ಪುವುದಾದರೆ, ಪದವು ಸಂಸ್ಕೃತದಿಂದ ನೇರವಾಗಿ ಅಲ್ಲ, ಪ್ರಾಕೃತವನ್ನು ಆಡುತ್ತಿದ್ದ ವರ್ತಕರ ಬಾಯಿಂದ ದಕ್ಷಿಣಕ್ಕೆ ಬಂದಿರಬೇಕು ಎಂದು ಊಹಿಸಬಹುದು. ಇದು ಸಂಭವನೀಯತೆಯೇ ಹೊರತು ಸಿದ್ಧಾಂತವಲ್ಲ.

ತೂಕದ ಹೆಸರು ನಾಣ್ಯದ ಹೆಸರಾಗುವುದಕ್ಕೆ ಕರ್ನಾಟಕದ ಗಣಿತ ಗ್ರಂಥವೇ ಆಧಾರ ಒದಗಿಸುತ್ತದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯನು 9ನೆಯ ಶತಮಾನದ ಮಧ್ಯಭಾಗದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಅದರ ಆರಂಭದ ಪರಿಭಾಷೆಗಳಲ್ಲಿ ಚಿನ್ನದ ತೂಕದ ಕೋಷ್ಟಕವಿದೆ: 5 ಗುಂಜೆಗೆ 1 ಪಣ, 8 ಪಣಕ್ಕೆ 1 ಧರಣ, 2 ಧರಣಕ್ಕೆ 1 ಕರ್ಷ, 4 ಕರ್ಷಕ್ಕೆ 1 ಪಲ. ಬೆಳ್ಳಿಯ ಕೋಷ್ಟಕದಲ್ಲಿ ಕರ್ಷಕ್ಕೆ 'ಪುರಾಣ' ಎಂಬ ಪರ್ಯಾಯ ನಾಮವನ್ನೂ ಕೊಡಲಾಗಿದೆ. ಪುರಾಣವೆಂಬುದು ಬೆಳ್ಳಿಯ ಮುದ್ರಾಂಕಿತ ಹಳೆಯ ನಾಣ್ಯದ ಹೆಸರು. ಎಂದರೆ, ತೂಕ ಮತ್ತು ನಾಣ್ಯಗಳ ನಡುವಿನ ಗೆರೆ ಆ ಕಾಲದ ಕೋಷ್ಟಕದಲ್ಲಿಯೇ ಮಸುಕಾಗಿತ್ತು. ಇದೇ ಕೋಷ್ಟಕದ 'ಪಣ'ವೇ ಹಳಗನ್ನಡದ ಪಕಾರ ಹಕಾರವಾಗಿ ಇಂದಿನ 'ಹಣ'ವಾಗಿದೆ. ಒಂದು ನಿಶ್ಚಿತ ತೂಕದ, ಒಂದು ನಿಶ್ಚಿತ ನಾಣ್ಯದ ಹೆಸರು ಸಕಲ ಸಂಪತ್ತಿಗೂ ಸಾಮಾನ್ಯ ನಾಮವಾಯಿತು. ಕಾಸಿನ ಕಥೆಯೂ ಇದಕ್ಕೆ ಸಮಾನಾಂತರವಾದದ್ದು.

ಕಾಸು ಮೊದಲಿನಿಂದಲೂ ಕ್ಷುದ್ರ ನಾಣ್ಯವಾಗಿರಲಿಲ್ಲ. ತಂಜಾವೂರಿನ ಬೃಹದೀಶ್ವರ ದೇವಾಲಯದ 11ನೆಯ ಶತಮಾನದ ಶಾಸನಗಳಲ್ಲಿ ಕಾಸು ಚಿನ್ನದ ನಾಣ್ಯ. ದೇವಾಲಯಕ್ಕೆ ದತ್ತಿಯಾಗಿ ಬಂದ ಕಾಸುಗಳನ್ನು ಗ್ರಾಮ ಸಭೆಗಳಿಗೆ ಸಾಲವಾಗಿ ಕೊಟ್ಟು, 1 ಕಾಸಿಗೆ ವರ್ಷಕ್ಕೆ 1/8 ಕಾಸಿನಂತೆ ಬಡ್ಡಿ ಪಡೆಯುತ್ತಿದ್ದ ವಿವರ ಅಲ್ಲಿದೆ. ಅದೇ ಶತಮಾನದಲ್ಲಿ ಗಂಗವಾಡಿಯ ಬಹುಭಾಗ ಚೋಳರ ಆಳ್ವಿಕೆಗೆ ಒಳಪಟ್ಟಿತ್ತು. ಇಂದಿನ ಚನ್ನಪಟ್ಟಣ ತಾಲ್ಲೂಕಿನ ಮಳೂರುಪಟ್ಟಣದ ಸುತ್ತಮುತ್ತಲಿನ ತಮಿಳು ಶಾಸನಗಳು ಆ ಕಾಲದ ಕುರುಹುಗಳು. 12ನೆಯ ಶತಮಾನದ ಆರಂಭದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ, ಪರಮ ಜಿನಭಕ್ತ ಗಂಗರಾಜನು ತಲಕಾಡನ್ನು ಗೆದ್ದ ಬಳಿಕ ಆ ಆಳ್ವಿಕೆ ಕೊನೆಗೊಂಡಿತು. ಕನ್ನಡ ಶಾಸನಗಳ ನಾಣ್ಯಲೋಕದಲ್ಲಿ ಗದ್ಯಾಣ, ಪಣ, ಹಾಗ, ವೀಸಗಳೇ ಪ್ರಧಾನ. ಹಾಗವೆಂದರೆ ಪಣದ ಕಾಲು ಭಾಗ. ವೀಸವೆಂದರೆ ಹದಿನಾರನೆಯ ಒಂದು ಭಾಗ. ಇವುಗಳ ನಡುವೆ ಕಾಸು ಕ್ರಮೇಣ ತಾಮ್ರಕ್ಕೆ ಇಳಿದು, ಎಣಿಕೆಯ ಕೊನೆಯ ಮೆಟ್ಟಿಲಿನಲ್ಲಿ ನಿಂತಿತು.

ಈ ಏರಿಳಿತದ ಎರಡು ನೆನಪುಗಳನ್ನೂ ಕನ್ನಡ ಭಾಷೆ ಇಂದಿಗೂ ಕಾಪಾಡಿಕೊಂಡಿದೆ. ಮದುಮಗಳ ಕೊರಳಿನ 'ಕಾಸಿನ ಸರ'ದಲ್ಲಿರುವುದು ಚಿನ್ನದ ಕಾಸು. 'ಬಿಡಿಗಾಸು', 'ಪುಡಿಗಾಸು', 'ಕವಡೆ ಕಾಸು' ಎಂಬಲ್ಲಿರುವುದು ತಾಮ್ರದ ಕಾಸು. 'ಕಾಸಿಗೆ ತಕ್ಕ ಕಜ್ಜಾಯ' ಎಂಬ ಗಾದೆಯಲ್ಲಿ ಅದು ಅಲ್ಪ ಬೆಲೆ. 'ಕಾಸಿದ್ದರೆ ಕೈಲಾಸ' ಎಂಬಲ್ಲಿ ಅದೇ ಪದ ಸಮಸ್ತ ಐಶ್ವರ್ಯ.

ಎರಡು ವಂಶಗಳ ಸಂಧಿ

ಪೆಟ್ಟಿಗೆಯ ವಂಶವೂ ನಾಣ್ಯದ ವಂಶವೂ ಪರಸ್ಪರ ಅರಿಯದೆ ಶತಮಾನಗಳ ಕಾಲ ಬೇರೆಬೇರೆಯಾಗಿ ಬೆಳೆದವು. ಅವು ಭೇಟಿಯಾದದ್ದು ಭಾರತದ ಪಶ್ಚಿಮ ಕರಾವಳಿಯಲ್ಲಿ, 16ನೆಯ ಶತಮಾನದ ಆರಂಭದಲ್ಲಿ.

ಇಟಲಿಯ ಪ್ರವಾಸಿ ಲುದೊವಿಕೊ ದಿ ವರ್ತೆಮಾ ಬರೆದ ಪ್ರವಾಸ ಕಥನ 1510ರಲ್ಲಿ ರೋಮ್ ನಗರದಲ್ಲಿ ಅಚ್ಚಾಯಿತು. ಕಲ್ಲಿಕೋಟೆಯ ನಾಣ್ಯಗಳನ್ನು ವಿವರಿಸುತ್ತ ಅವನು, 'ಕಾಸ್' ಎಂಬ ಚಿಕ್ಕ ನಾಣ್ಯಗಳು 16 ಸೇರಿದರೆ ಒಂದು ಬೆಳ್ಳಿಯ 'ತಾರ' ಆಗುವುದೆಂದು ದಾಖಲಿಸುತ್ತಾನೆ. ಗಮನಿಸಬೇಕಾದ ಅಂಶವೆಂದರೆ, ಅವನ ಮಾತೃಭಾಷೆಯಲ್ಲಿ 'ಕಾಸ್ಸಾ' ಎಂಬ ಪೆಟ್ಟಿಗೆಯಿದ್ದರೂ ನಾಣ್ಯದ ಹೆಸರನ್ನು ಅವನು ಕೇಳಿದಂತೆಯೇ ಬರೆದನು.

ಪೋರ್ಚುಗೀಸರು ಹಾಗೆ ಮಾಡಲಿಲ್ಲ. ಕಾಸು ಎಂಬ ಧ್ವನಿ ಅವರ ಕಿವಿಗೆ ಪರಿಚಿತವಾದ 'ಕೈಶಾ' ಎಂಬ ಪದವನ್ನು ನೆನಪಿಸಿತು. ಅಪರಿಚಿತ ಪದವನ್ನು ಪರಿಚಿತ ಪದದ ಅಚ್ಚಿಗೆ ಒತ್ತುವ ಜನಸಾಮಾನ್ಯರ ಪ್ರವೃತ್ತಿಯಂತೆ, ಅವರ ಬರಹಗಳಲ್ಲಿ ನಾಣ್ಯದ ಹೆಸರೂ ಪೆಟ್ಟಿಗೆಯ ಹೆಸರೂ ಒಂದೇ ಕಾಗುಣಿತಕ್ಕೆ ಬಂದವು. ಆದ್ದರಿಂದ ಕಾಸು ಮತ್ತು ಕ್ಯಾಶ್ ಒಂದೇ ಎಂಬ ಭ್ರಮೆ ಇಂದಿನ ಭಾಷಾಭಿಮಾನಿಗಳ ಸೃಷ್ಟಿಯಲ್ಲ. ಅದಕ್ಕೆ ಸುಮಾರು 500 ವರ್ಷಗಳ ವಯಸ್ಸಾಗಿದೆ, ಮತ್ತು ಅದು ಮೊದಲು ಹುಟ್ಟಿದ್ದು ಪರದೇಶಿ ವರ್ತಕರ ಕಿವಿಯಲ್ಲಿ.

ಪೋರ್ಚುಗೀಸರಿಂದ ನಾಣ್ಯದ ಹೆಸರನ್ನು ಪಡೆದ ಇಂಗ್ಲಿಷರು ತಮ್ಮಲ್ಲಿ ಆಗಲೇ ಚಲಾವಣೆಯಲ್ಲಿದ್ದ ಸಿದ್ಧ ಹಣದ ಪದದ ಕಾಗುಣಿತವನ್ನು ಅದಕ್ಕೆ ತೊಡಿಸಿದರು. ಹೀಗೆ ಇಂಗ್ಲಿಷಿನಲ್ಲಿ ಒಂದೇ ಬರಹ, ಒಂದೇ ಉಚ್ಚಾರವುಳ್ಳ ಎರಡು ಪದಗಳಾದವು: ಒಂದು ಕೈಯಲ್ಲಿರುವ ಹಣ, ಇನ್ನೊಂದು ಪೂರ್ವ ದೇಶಗಳ ಸಣ್ಣ ನಾಣ್ಯ. ಎರಡನೆಯದು ಭಾರತದಲ್ಲಿಯೇ ನಿಲ್ಲಲಿಲ್ಲ. ನಡುವೆ ಚೌಕದ ರಂಧ್ರವುಳ್ಳ, ದಾರದಲ್ಲಿ ಪೋಣಿಸಿ ಎಣಿಸುತ್ತಿದ್ದ ಚೀನಾದ ತಾಮ್ರದ ನಾಣ್ಯಕ್ಕೂ ಯೂರೋಪಿಯನ್ ವರ್ತಕರು ಇದೇ ಹೆಸರನ್ನು ಕೊಟ್ಟರು. ಚೀನೀಯರಿಗೆ ಈ ಹೆಸರಿನ ಪರಿಚಯವೇ ಇರಲಿಲ್ಲ. ಆದರೂ ಇಂದಿನವರೆಗೆ ನಾಣ್ಯಶಾಸ್ತ್ರದ ಇಂಗ್ಲಿಷ್ ಗ್ರಂಥಗಳು ಆ ನಾಣ್ಯಗಳನ್ನು ದಕ್ಷಿಣ ಭಾರತದ ಕಾಸಿನ ಹೆಸರಿನಲ್ಲಿಯೇ ವರ್ಣಿಸುತ್ತವೆ. ಜನಪ್ರಿಯ ನಂಬಿಕೆಯಲ್ಲಿರುವ ಸತ್ಯಾಂಶ ಇದು.

ಲೋಹದ ಮೇಲಿನ ಸಾಕ್ಷ್ಯ

ನಿಘಂಟುಗಳ ಸಾಕ್ಷ್ಯಕ್ಕಿಂತ ಬಲವಾದದ್ದು ನಾಣ್ಯಗಳ ಸಾಕ್ಷ್ಯ. ಮದ್ರಾಸಿನ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕದಲ್ಲಿ 80 ಕಾಸಿಗೆ 1 ಹಣ, 42 ಹಣಕ್ಕೆ 1 ನಕ್ಷತ್ರ ವರಹ. ಎಂದರೆ ವರಹವೊಂದಕ್ಕೆ 3,360 ಕಾಸು. (ಮಹಾವೀರಾಚಾರ್ಯನ ಕೋಷ್ಟಕದಂತೆ 1 ಕರ್ಷಕ್ಕೂ 80 ಗುಂಜೆಯೇ ಆಗುತ್ತದೆ. ಇದು ಕಾಕತಾಳೀಯ, ಇಂತಹ ಅಂಕೆಗಳ ಹೋಲಿಕೆಯಿಂದ ಸಂಬಂಧ ಕಲ್ಪಿಸುವುದು ಧ್ವನಿಸಾಮ್ಯದಿಂದ ವ್ಯುತ್ಪತ್ತಿ ಹೇಳುವಷ್ಟೇ ಅಪಾಯಕರ.) ಈ ವ್ಯವಸ್ಥೆಗಾಗಿ ಕಂಪನಿಯು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಮೀಪದ ಸೋಹೊ ಟಂಕಸಾಲೆಯಲ್ಲಿ, ಮ್ಯಾಥ್ಯೂ ಬೋಲ್ಟನ್ನನ ಉಗಿಯಂತ್ರಗಳಿಂದ ತಾಮ್ರದ ನಾಣ್ಯಗಳನ್ನು ಒತ್ತಿಸಿತು. 1803ರ 20 ಕಾಸಿನ ನಾಣ್ಯದ ಒಂದು ಬದಿಯಲ್ಲಿ ಪಾರಸಿ ಲಿಪಿಯ ಬರಹವಿದೆ. 20 ಕಾಸು 4 ಫಲೂಸಿಗೆ ಸಮ ಎಂಬುದು ಅದರ ತಾತ್ಪರ್ಯ. ಆ ಬರಹದ ಕೆಳಗೆ ರೋಮನ್ ಅಂಕೆಯ ಇಪ್ಪತ್ತು ಹಾಗೂ ಇಂಗ್ಲಿಷಿನ 'ಕ್ಯಾಶ್' ಇವೆ.

ಈ ಪುಟ್ಟ ಲೋಹದ ತುಣುಕು ವಾದವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಪಾರಸಿ ಬರಹಗಾರನು ಬರೆದದ್ದು 'ಕಾಸ್'. ದಂತ್ಯ ಸಕಾರ, ದೀರ್ಘ ಸ್ವರ. ಪಾರಸಿ ಲಿಪಿಯಲ್ಲಿ ಶಕಾರಕ್ಕೆ ಪ್ರತ್ಯೇಕ ಅಕ್ಷರವಿದ್ದರೂ ಅವನು ಅದನ್ನು ಬಳಸಲಿಲ್ಲ. ಏಕೆಂದರೆ ನೆಲದ ಜನರ ಬಾಯಲ್ಲಿದ್ದದ್ದು ಕಾಸು. ಇಂಗ್ಲಿಷ್ ಬರಹದಲ್ಲಿ ಮಾತ್ರ ಶಕಾರವಿದೆ. ಅದು ಪೋರ್ಚುಗೀಸರ ಪೆಟ್ಟಿಗೆಯಿಂದ ಅಂಟಿಕೊಂಡು ಬಂದ ಬಣ್ಣ. ಒಂದೇ ನಾಣ್ಯದಲ್ಲಿ ಪದದ ನೆಲದ ರೂಪವೂ ಕಡಲು ದಾಟಿ ಬಂದ ರೂಪವೂ ಎದುರುಬದುರಾಗಿ ನಿಂತಿವೆ. ಇಂತಹ 10 ಮತ್ತು 20 ಕಾಸಿನ ನಾಣ್ಯಗಳನ್ನು ಪೀಪಾಯಿಗಳಲ್ಲಿ ತುಂಬಿಕೊಂಡು ಮದ್ರಾಸಿಗೆ ಹೊರಟ 'ಅಡ್ಮಿರಲ್ ಗಾರ್ಡ್‌ನರ್' ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್ವಿನ್ ಮರಳುದಿಬ್ಬದಲ್ಲಿ ಮುಳುಗಿತು. 20ನೆಯ ಶತಮಾನದಲ್ಲಿ ಮುಳುಗುಗಾರರು ಮೇಲೆತ್ತಿದ ಆ ಕಾಸುಗಳು ಇಂದು ಜಗತ್ತಿನ ಸಂಗ್ರಾಹಕರ ಕೈಸೇರಿವೆ. ಸೇರಬೇಕಾಗಿದ್ದ ಸಂತೆಗಳನ್ನು ಮಾತ್ರ ಸೇರಲಿಲ್ಲ.

ಮೈಸೂರು ಸೀಮೆಯ ಸಾಕ್ಷ್ಯ ಕನ್ನಡಿಗರಿಗೆ ಇನ್ನೂ ಹತ್ತಿರವಾದದ್ದು. 17ನೆಯ ಶತಮಾನದ ನಡುವೆ ಆಳಿದ ಕಂಠೀರವ ನರಸರಾಜ ಒಡೆಯರು ಒತ್ತಿಸಿದ 'ಕಂಠೀರಾಯ ಹಣ' ಇಲ್ಲಿಯ ಎಣಿಕೆಯ ಮೂಲಮಾನವಾಗಿತ್ತು. ಅಂತಹ 10 ಹಣಗಳು ಸೇರಿ ಲೆಕ್ಕದ ಒಂದು ವರಹ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥದಲ್ಲಿ ಬೆಲೆ ಮತ್ತು ಕೂಲಿಗಳನ್ನು ನಮೂದಿಸುವುದು ಈ ಕಂಠೀರಾಯ ಹಣದಲ್ಲಿ, ಚಿಲ್ಲರೆಯನ್ನು 'ದುಡ್ಡು'ಗಳಲ್ಲಿ. 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಮುಂದೆ ಹೊರಬಂದ ತಾಮ್ರದ ನಾಣ್ಯಗಳಲ್ಲಿ 5, 10, 20 ಕಾಸುಗಳ ಶ್ರೇಣಿಯಿದೆ. ಆನೆ ಅಥವಾ ಸಿಂಹದ ಚಿತ್ರವುಳ್ಳ ಈ ನಾಣ್ಯಗಳಲ್ಲಿ ಕನ್ನಡ ಲಿಪಿಯಲ್ಲಿ 'ಮಯಿಲಿ ಕಾಸು' ಎಂಬ ಬರಹವೂ, ರೋಮನ್ ಅಂಕೆಯೊಡನೆ ಇಂಗ್ಲಿಷಿನ 'ಕ್ಯಾಶ್' ಎಂಬ ಬರಹವೂ ಇವೆ. ಕನ್ನಡ ಮತ್ತು ಇಂಗ್ಲಿಷ್‌ಗಳು ಒಂದೇ ರಾಜಮುದ್ರೆಯಡಿ ಒಂದು ವಾಣಿಜ್ಯ ಪದವನ್ನು ಹೀಗೆ ಜೊತೆಜೊತೆಯಾಗಿ ಉಚ್ಚರಿಸಿದ ಸ್ಪಷ್ಟ ದಾಖಲೆ ಇದು. ಈ ನಾಣ್ಯದ ಮೇಲಿನ 'ಕ್ಯಾಶ್' ಪೆಟ್ಟಿಗೆಯ ವಂಶದ್ದಲ್ಲ. ಅದು ಕಾಸಿನದೇ ಇಂಗ್ಲಿಷ್ ವೇಷ.

ಅದೇ ವರ್ಷಗಳಲ್ಲಿ ಈ ಸೀಮೆಯ ಒಂದು ಊರಿನ ಹೆಸರೂ ವೇಷ ಬದಲಿಸಿತು. ಮೈಸೂರಿನ ಮೊದಲ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ದಿವಾನ್ ಪೂರ್ಣಯ್ಯನವರು 1800ರ ಸುಮಾರಿಗೆ ಪೇಟೆಯೊಂದನ್ನು ಕಟ್ಟಿಸಿದರು, ಅದು 'ಕ್ಲೋಸ್‌ಪೇಟೆ'. ಸ್ವಾತಂತ್ರ್ಯದ ನಂತರ ಅದು ರಾಮನಗರವಾಯಿತು. ಹಳೆಯ ಹೆಸರು ಈಗ ಭೂವಿಜ್ಞಾನಿಗಳ 'ಕ್ಲೋಸ್‌ಪೇಟೆ ಗ್ರಾನೈಟ್' ಎಂಬ ಪಾರಿಭಾಷಿಕ ಪದದಲ್ಲಿ ಮಾತ್ರ ಜೀವಂತವಾಗಿದೆ. ನಾಣ್ಯದ ಮೇಲಿನ ಇಂಗ್ಲಿಷ್ ವೇಷವೂ ಹೀಗೆಯೇ ಸಂಗ್ರಾಹಕರ ಪರಿಭಾಷೆಗೆ ಸೀಮಿತವಾಯಿತು. ಮದ್ರಾಸು ಆಧಿಪತ್ಯವು 1818ರಲ್ಲಿ ವರಹ, ಹಣ, ಕಾಸುಗಳ ಲೆಕ್ಕವನ್ನು ಬಿಟ್ಟು ರೂಪಾಯಿಯನ್ನು ಅಂಗೀಕರಿಸಿತು. ಮೈಸೂರಿನ ಟಂಕಸಾಲೆಯೂ 19ನೆಯ ಶತಮಾನದ ಮಧ್ಯದ ವೇಳೆಗೆ ಮುಚ್ಚಿತು. ತಿರುವಾಂಕೂರು ಸಂಸ್ಥಾನದಲ್ಲಿ ಮಾತ್ರ 16 ಕಾಸಿಗೆ 1 ಚಕ್ರ, 28 ಚಕ್ರಕ್ಕೆ 1 ರೂಪಾಯಿ ಎಂಬ ಲೆಕ್ಕ ಸ್ವಾತಂತ್ರ್ಯದ ಕಾಲದವರೆಗೂ ಉಳಿದು, 'ಒಂದು ಕ್ಯಾಶ್' ಎಂದು ಇಂಗ್ಲಿಷಿನಲ್ಲಿ ಬರೆದ ತಾಮ್ರದ ನಾಣ್ಯಗಳು 1940ರ ದಶಕದಲ್ಲಿಯೂ ಚಲಾವಣೆಯಲ್ಲಿದ್ದವು.

ಹಾರೋಹಳ್ಳಿಯ ಎರಡು ಪದಗಳು

ಹೀಗೆ ಕಾಸಿನ ವಂಶದ ಇಂಗ್ಲಿಷ್ ಪದ ನಾಣ್ಯಗಳೊಡನೆ ಅಸ್ತಂಗತವಾದ ಬಳಿಕ, ಇಂಗ್ಲಿಷಿನಿಂದ ಕನ್ನಡಕ್ಕೆ ಹೊಸದಾಗಿ ಬಂದದ್ದು ಇನ್ನೊಂದು ಪದ, ಪೆಟ್ಟಿಗೆಯ ವಂಶದ್ದು. ಬ್ಯಾಂಕು, ರೈಲ್ವೆ, ಕಚೇರಿ, ಕಾರ್ಖಾನೆಗಳ ಮೂಲಕ ಬಂದ ಈ ಕ್ಯಾಶ್, ಅರಬ್ಬಿ ಮೂಲದ 'ನಗದು' ಮತ್ತು ಹಳೆಯ 'ರೊಕ್ಕ'ಗಳ ಪಕ್ಕದಲ್ಲಿ ಸ್ಥಾನ ಪಡೆಯಿತು. ಕಾಸಿನ ಸ್ಥಾನವನ್ನು ಅದು ಕಿತ್ತುಕೊಳ್ಳಲಿಲ್ಲ. ಅವೆರಡೂ ನಿಜವಾಗಿ ಒಂದೇ ಪದವಾಗಿದ್ದರೆ ಒಂದು ಇನ್ನೊಂದನ್ನು ಅನಗತ್ಯಗೊಳಿಸಬೇಕಾಗಿತ್ತು. ಆದರೆ ಹಾರೋಹಳ್ಳಿಯ ಕಾರ್ಮಿಕನ ಮಾತಿನಲ್ಲಿ ಅವುಗಳ ಕೆಲಸ ಇಂದಿಗೂ ಬೇರೆಬೇರೆ. 'ಕ್ಯಾಶ್' ಎಂದರೆ ಹಣ ಸಲ್ಲುವ ರೀತಿ: ಕೈಗೆ, ಕೂಡಲೇ, ಖಾತೆಯ ಮಧ್ಯಸ್ಥಿಕೆಯಿಲ್ಲದೆ. 'ಕಾಸು' ಎಂದರೆ ಹಣವೇ, ಅದರ ಇರುವಿಕೆ ಅಥವಾ ಇಲ್ಲದಿರುವಿಕೆ, ಅದರ ಅಲ್ಪತ್ವ. ತಿಂಗಳ ಸಂಬಳ ಬ್ಯಾಂಕಿನ ಖಾತೆಗೆ ಜಮೆಯಾದಾಗ ಅದು ಕ್ಯಾಶ್ ಅಲ್ಲ, ಆದರೆ ಕಾಸು ಹೌದು. ಪೆಟ್ಟಿಗೆಯ ಪದವು ಎಲ್ಲಿದೆ ಎಂಬುದನ್ನು ಹೇಳುತ್ತದೆ. ನಾಣ್ಯದ ಪದವು ಎಷ್ಟಿದೆ ಎಂಬುದನ್ನು ಹೇಳುತ್ತದೆ. ವ್ಯುತ್ಪತ್ತಿಯನ್ನು ಅರಿಯದ ಜನರ ಬಳಕೆಯೇ ವ್ಯುತ್ಪತ್ತಿಯ ಭೇದವನ್ನು ಕಾಯ್ದುಕೊಂಡಿದೆ.

ಈ ಭೇದವು ದುಡಿಯುವವರ ಬದುಕಿನಲ್ಲಿ ಕೇವಲ ಪದವಿಚಾರವಲ್ಲ. 19ನೆಯ ಶತಮಾನದ ಬ್ರಿಟನ್ನಿನಲ್ಲಿ ಮಾಲೀಕರು ಕೂಲಿಯ ಬದಲಿಗೆ ತಮ್ಮದೇ ಅಂಗಡಿಯ ಸಾಮಗ್ರಿಯನ್ನೋ ಚೀಟಿಯನ್ನೋ ಕೊಡುತ್ತಿದ್ದುದನ್ನು ತಡೆಯಲು 1831ರಲ್ಲಿ ಟ್ರಕ್ ಕಾಯಿದೆ ಬಂದು, ಕೂಲಿಯನ್ನು ಚಲಾವಣೆಯ ನಾಣ್ಯದಲ್ಲಿಯೇ ಕೊಡಬೇಕೆಂದು ವಿಧಿಸಿತು. ಭಾರತದ 1936ರ ವೇತನ ಪಾವತಿ ಕಾಯಿದೆಯ 6ನೆಯ ಪ್ರಕರಣವೂ ಇದೇ ತತ್ತ್ವವನ್ನು ಅನುಸರಿಸಿ, ಎಲ್ಲ ವೇತನವೂ ಚಲಾವಣೆಯ ನಾಣ್ಯ ಅಥವಾ ನೋಟುಗಳಲ್ಲಿ ಸಲ್ಲಬೇಕೆಂದಿತು. 1976ರ ತಿದ್ದುಪಡಿಯು ಕಾರ್ಮಿಕನ ಲಿಖಿತ ಒಪ್ಪಿಗೆ ಇದ್ದರೆ ಚೆಕ್ ಅಥವಾ ಬ್ಯಾಂಕ್ ಖಾತೆಗೆ ಅವಕಾಶ ಕೊಟ್ಟಿತು. 2016ರ ನವೆಂಬರಿನ ನೋಟು ರದ್ದತಿಯ ಬೆನ್ನಿಗೆ ಬಂದ 2017ರ ತಿದ್ದುಪಡಿಯು ಆ ಒಪ್ಪಿಗೆಯ ಅಗತ್ಯವನ್ನು ತೆಗೆದುಹಾಕಿತು. ಒಂದು ಕಾಲದಲ್ಲಿ ಕಾರ್ಮಿಕನ ರಕ್ಷಣೆಗಾಗಿ ಕಾನೂನು ಕಡ್ಡಾಯಗೊಳಿಸಿದ್ದ ಕ್ಯಾಶ್, ಇಂದು ದಾಖಲೆಯಿಲ್ಲದ ಪಾವತಿಯ ಸಂಶಯಕ್ಕೆ ಗುರಿಯಾಗಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯೂ ಹರಾಜಿನ ಹಣ ಈಗ ರೈತನ ಖಾತೆಯನ್ನು ಸೇರುತ್ತದೆ. ಪೆಟ್ಟಿಗೆ ಮತ್ತೊಮ್ಮೆ ರೂಪ ಬದಲಿಸಿದೆ. ಅದು ಈಗ ದೂರವಾಣಿಯ ತೆರೆಯ ಮೇಲಿನ ಅಂಕೆ. ಆದರೂ ಕೂಲಿ ತಡವಾದ ದಿನ ಕೇಳಿಬರುವ ಮಾತು 'ಕಾಸು ಬಂದಿಲ್ಲ' ಎಂದೇ.

ವ್ಯುತ್ಪತ್ತಿಯ ಅಧ್ಯಯನದಲ್ಲಿ ಧ್ವನಿಸಾಮ್ಯವು ಅನುಮಾನಕ್ಕೆ ಕಾರಣವಾಗಬಹುದೇ ಹೊರತು ಪ್ರಮಾಣವಾಗಲಾರದು. ಕನ್ನಡದಲ್ಲಿಯೇ 'ಹಾಲು ಕಾಸು' ಎಂಬಲ್ಲಿಯ ಕಾಸು ಕಾಯಿಸುವ ಕ್ರಿಯೆ. ಜೇಬಿನಲ್ಲಿಯ ಕಾಸು ನಾಣ್ಯ. ಎರಡನ್ನೂ ಒಂದೆಂದು ಯಾರೂ ಹೇಳುವುದಿಲ್ಲ. ಇಂಗ್ಲಿಷಿನ ಒಳ್ಳೆಯ ಕೋಶಗಳು ಕ್ಯಾಶ್ ಎಂಬ ಎರಡು ಪದಗಳನ್ನು ಎರಡು ಪ್ರತ್ಯೇಕ ನಮೂದುಗಳಲ್ಲಿ ಇಡುವುದು ಇದೇ ನ್ಯಾಯದಿಂದ. ಮೊದಲ ನಮೂದನ್ನು ಕನ್ನಡ ನಾಡಿನದೆಂದು ಹೇಳಿಕೊಳ್ಳುವವರು, ನಿಜವಾಗಿಯೂ ಈ ನಾಡಿನ ಪಾಲಿರುವ ಎರಡನೆಯ ನಮೂದನ್ನು ಓದದೆ ಬಿಡುತ್ತಾರೆ. ಕಲ್ಲಿಕೋಟೆಯಲ್ಲಿ ವರ್ತೆಮಾ ಕೇಳಿದ, ಪಾರಸಿ ಬರಹಗಾರನು ತಪ್ಪಿಲ್ಲದೆ ಕೆತ್ತಿಸಿದ, ಚೀನಾದವರೆಗೆ ಪಯಣಿಸಿದ ಪದ ಅಲ್ಲಿದೆ. ಮುಮ್ಮಡಿ ಕೃಷ್ಣರಾಜರ ತಾಮ್ರದ ನಾಣ್ಯವನ್ನು ವಸ್ತುಸಂಗ್ರಹಾಲಯದಲ್ಲಿ ಕಾಣುವ ವಿದ್ಯಾರ್ಥಿಯು ಅದರ ಕನ್ನಡ ಬರಹವನ್ನು ಮೊದಲು ಓದಿ, ಇಂಗ್ಲಿಷ್ ಬರಹವನ್ನು ಅನಂತರ ಓದಿದರೆ, ಯಾವುದು ಮೂಲ ಯಾವುದು ಅನುವಾದ ಎಂಬುದು ಅಲ್ಲಿಯೇ ತಿಳಿಯುತ್ತದೆ.